ಓಟ ಜಾಸ್ತಿಯಾಗಿ ನಿಂತ ಯಂತ್ರ

ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಕಳೆದ ವಾರ ವಿಂಡೋಸ್ 95 ಕಣ್ಣಿಗೆ ಬಿತ್ತು. ಪೀಣ್ಯದ ಯಾವುದೋ ಕಾರ್ಖಾನೆಯ ಅಳತೆ ಯಂತ್ರಕ್ಕೆ ಇವತ್ತಿಗೂ ಅದೇ ಬೇಕಂತೆ. ಹಳೆ ಮದರ್‌ಬೋರ್ಡ್ ಸುಟ್ಟುಹೋಗಿ, ಅದರ ಜಾಗಕ್ಕೆ 2.4 ಗಿಗಾಹರ್ಟ್ಸ್ ಪೆಂಟಿಯಂ 4 ಬಂದಿತ್ತು. ಆನ್ ಮಾಡಿದರೆ ಕಪ್ಪು ಪರದೆ, ‘ವಿಂಡೋಸ್ ಪ್ರೊಟೆಕ್ಷನ್ ಎರರ್’.

“ಏನೂ ಕೆಟ್ಟಿಲ್ಲ ಸಾರ್, ಸ್ಪೀಡ್ ಜಾಸ್ತಿಯಾಗಿದೆ ಅಷ್ಟೇ” ಎಂದರು ರಿಪೇರಿಯವರು. ನಾನು ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟೆ.

ತಪ್ಪು ಇದ್ದದ್ದು ಎನ್‌ಡಿಐಎಸ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ. ಪ್ರೊಸೆಸರ್ ಎಷ್ಟು ಚುರುಕು ಎಂದು ತಿಳಿಯಲು ಅದು ಶುರುವಿನಲ್ಲೇ ಒಂದು ಖಾಲಿ ಲೂಪನ್ನು ನಿಗದಿತ ಸಲ ಸುತ್ತಿಸಿ, ಹಿಡಿದ ಸಮಯದಿಂದ ಭಾಗಿಸುತ್ತದೆ. 1995ರಲ್ಲಿ 133 ಮೆಗಾಹರ್ಟ್ಸ್ ಎಂದರೇ ಬಾಯಿ ಬಿಡುತ್ತಿದ್ದೆವು. 2.1 ಗಿಗಾಹರ್ಟ್ಸ್ ದಾಟಿದರೆ ಲೂಪ್ ಎಷ್ಟು ಬೇಗ ಮುಗಿಯುತ್ತದೆಂದರೆ, ಹಿಡಿದ ಸಮಯದ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಸೊನ್ನೆಯಿಂದ ಭಾಗಿಸಲು ಹೋಗಿ ವಿಂಡೋಸ್ ಅಲ್ಲೇ ಠಪ್. ಅವರು ತಿದ್ದಿದ ಡ್ರೈವರ್ ಫೈಲನ್ನು ಫ್ಲಾಪಿಯಿಂದ ಕಾಪಿ ಮಾಡಿದರು. ನೀಲಿ ಆಕಾಶ, ಬಿಳಿ ಮೋಡ ಮೂಡಿದಾಗ ನಾನಂತೂ ಚಪ್ಪಾಳೆ ತಟ್ಟಿದೆ.

ಇಂಥದೇ ಕಥೆ 1998ರಲ್ಲೂ ನಡೆದಿತ್ತು. ಎಎಂಡಿಯ ಕೆ6-2 ಚಿಪ್ 350 ಮೆಗಾಹರ್ಟ್ಸ್ ಮುಟ್ಟಿದ್ದೇ ವಿಂಡೋಸ್ 95 ತಡವರಿಸತೊಡಗಿತು. ಅದೇ ವೇಗದ ಇಂಟೆಲ್‌ನಲ್ಲಿ ಈ ಕಾಟವಿಲ್ಲ. ಹಾಗಾಗಿ ಎಎಂಡಿಯ ಮೇಲೇ ಗುಮಾನಿ. ನಿಜಕ್ಕೂ ಆದದ್ದೇನು? ‘ಲೂಪ್’ ಎಂಬ ಆ ಒಂದು ಆದೇಶವನ್ನು ಎಎಂಡಿ ಇಂಟೆಲ್‌ಗಿಂತ ಎಷ್ಟೋ ಬೇಗ ಮುಗಿಸುತ್ತಿತ್ತು. ಚೆನ್ನಾಗಿ ಓಡಿದ್ದಕ್ಕೆ ಬೈಗುಳ! ಕೊನೆಗೆ ಮೈಕ್ರೋಸಾಫ್ಟೇ ತಿದ್ದುಪಡಿ ಕೊಡಬೇಕಾಯಿತು.

ಸುತ್ತಿನ ಸಂಖ್ಯೆ ಏರಿಸಿದರೆ ಸಾಲದೇ ಎನ್ನಬಹುದು. ನನ್ನ ಪ್ರಕಾರ ಅದು ವಾಯಿದೆ ಕೇಳಿದಂತೆ, ಅಷ್ಟೇ. ಲಿನಕ್ಸ್‌ನ ದಾರಿ ನನಗೆ ಹೆಚ್ಚು ಇಷ್ಟ: ಗಡಿಯಾರದ ಒಂದು ಟಿಕ್ ಮೀರುವವರೆಗೆ ಅದು ಸುತ್ತುಗಳನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತಿತ್ತು. ಪ್ರೊಸೆಸರ್ ಎಷ್ಟೇ ಓಡಲಿ, ಸಮಯ ಸೊನ್ನೆಯಾಗುವ ಮಾತೇ ಇರಲಿಲ್ಲ.

ಹಾಗೆಂದು ಸಮಯ ಹಿಡಿದು ಸುತ್ತು ಎಣಿಸಿದವರೆಲ್ಲ ಬಚಾವಾಗಲಿಲ್ಲ. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ ಒಂದು ಟಿಕ್‌ನಲ್ಲಿ ಆದ ಸುತ್ತುಗಳನ್ನು 55 ಮಿಲಿಸೆಕೆಂಡಿನಿಂದ ಭಾಗಿಸುತ್ತಿತ್ತು. ಉತ್ತರ 65,535 ಮೀರಿದರೆ 16 ಬಿಟ್‌ನಲ್ಲಿ ಜಾಗವಿಲ್ಲ. ಪ್ರೊಸೆಸರ್ ಇದಕ್ಕೂ ಸೊನ್ನೆಯಿಂದ ಭಾಗಿಸಿದಾಗ ಕೊಡುವ ಸೂಚನೆಯನ್ನೇ ಕೊಡುತ್ತದೆ. ತಮಾಷೆಯೆಂದರೆ, ಸುಮಾರು 200 ಮೆಗಾಹರ್ಟ್ಸ್‌ನ ಯಂತ್ರಗಳಲ್ಲಿ ಶುರುವಾದ ಈ ದೋಷಕ್ಕೆ ಪ್ಯಾಸ್ಕಲ್ ತೋರಿಸುತ್ತಿದ್ದ ಸಂಖ್ಯೆಯೂ 200.