ನೆರಳು ತುಂಬುವ ಸೂಜಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಅಜ್ಜಿಯರ ಮುಂಗೈಯಲ್ಲಿ ಇವತ್ತಿಗೂ ಹಸಿರುಗಪ್ಪು ಹಚ್ಚೆ ಕಾಣುತ್ತದೆ: ಚುಕ್ಕಿಯ ಸಾಲು, ಚೇಳು, ತುಳಸಿಕಟ್ಟೆ, ಒಂದು ಹೆಸರು. ಅದನ್ನು ಹುಯ್ದವರೂ ಹೆಂಗಸರೇ. ಕೊರವಂಜಿ ಎಂದು ಜನ ಕರೆಯುವ ಕೊರಮ ಹೆಂಗಸರು ಬುಟ್ಟಿ ಹೊತ್ತು ಊರೂರು ಸುತ್ತಿ, ಕಣಿ ಹೇಳಿ, ಹಚ್ಚೆ ಹುಯ್ಯುತ್ತಿದ್ದರು. ಕಿಳ್ಳೇಕ್ಯಾತರಲ್ಲಿ ಗಂಡಸರದು ತೊಗಲುಗೊಂಬೆ, ಹೆಂಗಸರದು ಹಚ್ಚೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಈ ಎರಡೂ ಸಮುದಾಯಗಳ ಕಸುಬು ದಾಖಲಾಗಿದೆ. ದಾರದಲ್ಲಿ ಬಿಗಿದ ಮೂರ್ನಾಲ್ಕು ಸೂಜಿ, ದೀಪದ ಕಾಡಿಗೆ, ಸೊಪ್ಪಿನ ರಸ, ಮೇಲೆ ಹಚ್ಚಲು ಅರಿಶಿನ. ಅಷ್ಟರಲ್ಲೇ ಒಂದು ಜನ್ಮಕ್ಕಾಗುವ ಗುರುತು ಮೂಡುತ್ತಿತ್ತು.

ಆ ಹಚ್ಚೆಯಲ್ಲಿ ಗೆರೆಯಿತ್ತು, ಚುಕ್ಕಿಯಿತ್ತು, ನೆರಳಿರಲಿಲ್ಲ. ಈಗಿನ ಹುಡುಗ ಹುಡುಗಿಯರು ಕೇಳುವುದು ಬೇರೆ. ತೋಳಿನ ಮೇಲೆ ಶಿವನ ಮುಖ ಬೇಕು, ತೀರಿಕೊಂಡ ಅವ್ವನ ಭಾವಚಿತ್ರ ಬೇಕು, ಹುಲಿ ಬೇಕು. ಕೆನ್ನೆಯ ಉಬ್ಬು, ಕಣ್ಣಿನ ಕುಳಿ ಗೆರೆಯಿಂದ ಬರುವುದಿಲ್ಲ, ನೆರಳು ತುಂಬುವ ಶೇಡಿಂಗ್‌ನಿಂದಲೇ ಬರಬೇಕು. ಎಡಿಸನ್‌ನ ವಿದ್ಯುತ್ ಪೆನ್ನನ್ನು ಮಾರ್ಪಡಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಪೇಟೆಂಟ್ ಪಡೆದ ಯಂತ್ರದ ವಂಶಸ್ಥರು ಈಗ ಅಂಚೆಯಲ್ಲಿ ಮನೆ ಬಾಗಿಲಿಗೇ ಬರುತ್ತಾರೆ. ಕಲಿಯುವವರಿಗೆ ಮೊದಲು ಎದುರಾಗುವ ತೊಡಕು ಯಂತ್ರದ್ದಲ್ಲ, ಸೂಜಿಯದು. ಕಿಟ್ಟಿನೊಳಗೆ ಹತ್ತಾರು ಬಗೆ ಸೂಜಿ ಇರುತ್ತವೆ, ಯಾವುದು ಯಾತಕ್ಕೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಪೊಟ್ಟಣದ ಮೇಲಿನ ಗುರುತು ಓದಲು ಕಲಿತರೆ ಅರ್ಧ ದಾರಿ ಸವೆದಂತೆ. 1207 ಆರ್‌ಎಸ್ ಎಂದಿದೆ ಎನ್ನಿ. ಮೊದಲ 12 ಎಂದರೆ ಒಂದೊಂದು ಸೂಜಿಯ ದಪ್ಪ 0.35 ಮಿಲಿಮೀಟರ್, 10 ಎಂದಿದ್ದರೆ 0.30, 08 ಎಂದಿದ್ದರೆ 0.25. ಮುಂದಿನ 07 ಎಂದರೆ ಏಳು ಸೂಜಿಗಳ ಕಂತೆ. ಆರ್‌ಎಸ್ ಎಂದರೆ ರೌಂಡ್ ಶೇಡರ್. ಗೆರೆ ಎಳೆಯುವ ರೌಂಡ್ ಲೈನರ್‌ನಲ್ಲಿ ಸೂಜಿಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ. ಶೇಡರ್‌ನಲ್ಲಿ ತುಸು ಸಡಿಲ, ಹಾಗಾಗಿ ಶಾಯಿ ಅಗಲಕ್ಕೆ ಹರಡುತ್ತದೆ. ಮ್ಯಾಗ್ನಮ್ ಎಂಬುದರಲ್ಲಿ ಸೂಜಿಗಳನ್ನು ಎರಡು ಸಾಲಾಗಿ ಜೋಡಿಸಿರುತ್ತಾರೆ. ಅದೇ ಮ್ಯಾಗ್ನಮ್‌ನ ತುದಿ ಕಮಾನಿನಂತೆ ಬಾಗಿದ್ದರೆ ಕರ್ವ್ಡ್ ಮ್ಯಾಗ್ನಮ್.

ಶೇಡಿಂಗ್ ಕಲಿಯುವವರು ಎರಡೇ ಬಗೆ ಇಟ್ಟುಕೊಂಡರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲೆ, ಹೂವಿನ ಎಸಳು, ಅಕ್ಷರದ ಒಳಗಿನಂಥ ಸಣ್ಣ ಜಾಗಕ್ಕೆ ಏಳರ ರೌಂಡ್ ಶೇಡರ್. ಅದಕ್ಕಿಂತ ದೊಡ್ಡದೆಲ್ಲಕ್ಕೂ ಒಂಬತ್ತರ ಅಥವಾ ಹನ್ನೊಂದರ ಕರ್ವ್ಡ್ ಮ್ಯಾಗ್ನಮ್, 0.30 ದಪ್ಪದ್ದು. ನೇರ ಮ್ಯಾಗ್ನಮ್ ಕೈ ಸ್ವಲ್ಪ ವಾಲಿದರೂ ಅಂಚಿನ ಸೂಜಿಯಿಂದ ಚರ್ಮ ಸೀಳುತ್ತದೆ. ಬಾಗಿದ ತುದಿ ಮೆತ್ತನೆಯ ಚರ್ಮದ ಜೊತೆ ಹೊಂದಿಕೊಂಡು ಸಾಗುತ್ತದೆ, ಹೊಸಬರ ಕೈಯ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ಸಣ್ಣ ಸೂಜಿ ಹಿಡಿದರೆ ಅಪಾಯ ಕಡಿಮೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದು ತದ್ವಿರುದ್ಧ. ಅಂಗೈಯಗಲದ ಜಾಗವನ್ನು ಮೂರರ ಸೂಜಿಯಲ್ಲಿ ತುಂಬಲು ಹೊರಟರೆ ಒಂದೇ ಕಡೆ ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ, ಚರ್ಮ ಹಣ್ಣಾಗುತ್ತದೆ, ಮಾಯ್ದ ಮೇಲೆ ಬಣ್ಣ ತೇಪೆ ತೇಪೆಯಾಗಿ ಉಳಿಯುತ್ತದೆ.

ಸೂಜಿಯ ಮೊನೆಯ ಇಳಿಜಾರೂ ಲೆಕ್ಕಕ್ಕಿದೆ. ಉದ್ದ ಇಳಿಜಾರಿನ ಮೊನೆ ಸಣ್ಣ ತೂತು ಮಾಡಿ ಕಡಿಮೆ ಶಾಯಿ ಬಿಡುತ್ತದೆ, ತಿಳಿ ನೆರಳಿಗೆ ಅದೇ ಒಳ್ಳೆಯದು. ಗಿಡ್ಡ ಇಳಿಜಾರಿನದು ಗಟ್ಟಿ ಕಪ್ಪು ತುಂಬಲು. ಆಳ ಮಾತ್ರ ಎಲ್ಲದಕ್ಕೂ ಒಂದೇ, ಒಂದರಿಂದ ಎರಡು ಮಿಲಿಮೀಟರ್. ಅದಕ್ಕೂ ಮೇಲೆ ನಿಂತರೆ ಹೊರಚರ್ಮ ಉದುರುವಾಗ ಬಣ್ಣವೂ ಉದುರುತ್ತದೆ. ಕೆಳಕ್ಕೆ ಇಳಿದರೆ ಶಾಯಿ ಕೊಬ್ಬಿನ ಪದರದಲ್ಲಿ ಹರಡಿ ನೀಲಿ ಮಬ್ಬಾಗುತ್ತದೆ, ಮತ್ತೆ ತಿದ್ದಲು ಬರುವುದಿಲ್ಲ. ಮನುಷ್ಯರ ಮೈ ಮುಟ್ಟುವ ಮೊದಲು ಸಿಲಿಕೋನ್ ಚರ್ಮದ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಬೇಕು ಎನ್ನುವುದು ಇದಕ್ಕೇ.

ವಿದೇಶದ ವಿಡಿಯೊ ನೋಡಿ ಕಲಿಯುವವರಿಗೆ ತಿಳಿಯದ ಸಂಗತಿ ನಮ್ಮ ಮೈಬಣ್ಣದ್ದು. ಶಾಯಿ ಕೂರುವುದು ಒಳಚರ್ಮದಲ್ಲಿ, ಮೆಲನಿನ್ ಇರುವುದು ಅದರ ಮೇಲಿನ ಪದರದಲ್ಲಿ. ಕಂದು ಚರ್ಮದ ಮೂಲಕ ನೋಡುವಾಗ ತೀರಾ ತೆಳುವಾದ ಬೂದು ಬಣ್ಣ ಕಾಣುವುದೇ ಇಲ್ಲ. ಹೊಲದಲ್ಲಿ ದುಡಿಯುವ ಬಿಸಿಲುಂಡ ತೋಳಿಗೆ ಐದು ಮಜಲಿನ ನಾಜೂಕು ನೆರಳಿಗಿಂತ ಗಟ್ಟಿ ಕಪ್ಪು, ನಡುವಿನ ಒಂದು ಬೂದು, ಮುಟ್ಟದೆ ಬಿಟ್ಟ ಚರ್ಮ, ಈ ಮೂರೇ ಒಪ್ಪುತ್ತವೆ. ಕಾಣುತ್ತಿಲ್ಲವೆಂದು ಮತ್ತೆ ಮತ್ತೆ ಚುಚ್ಚುವುದಂತೂ ಬೇಡ. ಕೆಲವರ ಮೈಯಲ್ಲಿ ಗಾಯ ಗಂಟುಗಟ್ಟಿ ಕೀಲಾಯ್ಡ್ ಆಗುತ್ತದೆ.

ನೆರಳು ಕಲಿಯಲು ಈ ಸೀಮೆಯಲ್ಲೇ ಒಂದು ದೊಡ್ಡ ಪಾಠಶಾಲೆಯಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿಯನ್ನರು ಬಂದು ನೆಲೆಸಿದ್ದು 1961ರಲ್ಲಿ. ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಗೋಡೆಯ ಮೇಲಿನ ಮೋಡ, ಜ್ವಾಲೆಗಳ ಹತ್ತಿರ ನಿಂತು ನೋಡಬೇಕು. ಕಡು ಬಣ್ಣ ಮೆಲ್ಲನೆ ತಿಳಿಯಾಗುತ್ತ ಹೋಗುತ್ತದೆ. ಟಿಬೆಟಿಯನ್ನರ ಪಟಚಿತ್ರವಾದ ಥಾಂಕಾ ಬರೆಯುವ ಚಿತ್ರಕಾರರಲ್ಲಿ ಹೀಗೆ ಬಣ್ಣ ಇಳಿಸುವ ಒಂದು ಕ್ರಮವೆಂದರೆ ಬಹುತೇಕ ಒಣಗಿದ ಕುಂಚದಿಂದ ಸಣ್ಣ ಸಣ್ಣ ಚುಕ್ಕಿಗಳನ್ನು ಒತ್ತಾಗಿ ಆರಂಭಿಸಿ ವಿರಳ ಮಾಡುತ್ತ ಹೋಗುವುದು. ರೌಂಡ್ ಶೇಡರ್ ಹಿಡಿದು, ಕೈ ಬೀಸಿ ಮೇಲೆತ್ತುತ್ತ ಮಾಡುವ ವಿಪ್ ಶೇಡಿಂಗ್‌ನ ತತ್ವವೂ ಅದೇ. ಕೊರವಂಜಿಯ ಚುಕ್ಕಿಗೂ ಇದಕ್ಕೂ ದೂರವಿಲ್ಲ, ಚುಕ್ಕಿಗಳ ಅಂತರ ಬದಲಾಗಿದೆ ಅಷ್ಟೆ.

ಇಲ್ಲಿಯದೇ ಆದ ಇನ್ನೊಂದು ಎಚ್ಚರಿಕೆ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಮಳೆಗಾಲದಲ್ಲಿ ಸೊಪ್ಪು ಮುರಿಯುವ ಕೆಲಸ ಜೋರು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರಿ ವಾಂತಿ, ತಲೆಸುತ್ತು ತರುತ್ತದೆ. ಗಾಯವಾದ ಚರ್ಮದಲ್ಲಿ ಇನ್ನೂ ಸಲೀಸಾಗಿ ಸೇರುತ್ತದೆ. ಮ್ಯಾಗ್ನಮ್‌ನಲ್ಲಿ ತುಂಬಿದ ಹೊಸ ಹಚ್ಚೆ ಅಗಲವಾದ ತೆರೆದ ಗಾಯವೇ. ಸೊಪ್ಪು ಮುರಿಯುವವರಿಗೆ, ನಾಟಿ ಗದ್ದೆಗೆ ಇಳಿಯುವವರಿಗೆ ಆ ಹಂಗಾಮಿನಲ್ಲಿ ಹಚ್ಚೆ ಹಾಕಬಾರದು. ಬಂದ ಗಿರಾಕಿಯನ್ನು ವಾಪಸ್ ಕಳಿಸುವುದೂ ಕಸುಬಿನ ಭಾಗ.

ಚುಂಚನಕಟ್ಟೆಯಂಥ ಜಾತ್ರೆಗೆ ಹೋಗುವವರು ಎಲ್ಲೇ ಹಚ್ಚೆಗೆ ಕೈ ಚಾಚಿದರೂ ಸೂಜಿಯ ಪೊಟ್ಟಣ ತಮ್ಮ ಕಣ್ಣೆದುರೇ ಒಡೆಯಬೇಕೆಂದು ಹಟ ಹಿಡಿಯಲಿ. ಪೊಟ್ಟಣದ ಮೇಲೆ ಎಥಿಲೀನ್ ಆಕ್ಸೈಡ್‌ನಿಂದ ಶುದ್ಧೀಕರಿಸಿದ ಗುರುತು, ತಯಾರಿಕೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಸೂಜಿ ಒಳಗೇ ಕೂತಿರುವ ಕಾರ್ಟ್ರಿಜ್ ಆದರೆ ಶಾಯಿ, ರಕ್ತ ಹಿಂದಕ್ಕೆ ಹರಿದು ಯಂತ್ರ ಸೇರದಂತೆ ಒಳಗೆ ಪೊರೆ ಇರುವುದನ್ನೇ ಕೊಳ್ಳಬೇಕು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಸಲ್ಲದು, ಕುದಿಸಿದರೂ ಸಲ್ಲದು. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಕಲಿಯಲು ಹೊರಟವರು ಯಂತ್ರಕ್ಕೆ ದುಡ್ಡು ಹಾಕುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲಿ: ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು.