ಬ್ರೇಕ್ ಪೆಡಲ್ ಮೆತ್ತಗಾದರೆ: ಎ.ಬಿ.ಎಸ್. ವಾಹನವುಳ್ಳ ಸದಸ್ಯರ ಗಮನಕ್ಕೆ

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಸದಸ್ಯರ ವಾಹನಗಳಿಗೆ ಬಿಡುವಿಲ್ಲ. ಸಂಪಾಜೆ ಘಾಟಿಯಾಗಲಿ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಯಾಗಲಿ, ಭಾಗಮಂಡಲ-ಕರಿಕೆ ರಸ್ತೆಯಾಗಲಿ, ಬ್ರೇಕು ಕೈಕೊಟ್ಟರೆ ಜೀವಕ್ಕೇ ಅಪಾಯ. ಆದುದರಿಂದ ಪೆಡಲ್ ಸ್ಪಂಜಿನಂತೆ ಮೆತ್ತಗಾಗುವುದೇಕೆ, ಆಗ ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಬ್ರೇಕ್ ಆಯಿಲ್ ದ್ರವವಾದ್ದರಿಂದ ಒತ್ತಿದರೆ ಕುಗ್ಗುವುದಿಲ್ಲ. ಕಾಲಿನ ಒತ್ತಡ ನೇರವಾಗಿ ಚಕ್ರಕ್ಕೆ ಮುಟ್ಟುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ಮೊದಲು ಆ ಗಾಳಿ ಕುಗ್ಗುತ್ತದೆ; ಅಷ್ಟರಲ್ಲಿ ಪೆಡಲ್ ಕೆಳಗಿಳಿದಿರುತ್ತದೆ.

ಇನ್ನೊಂದು ಕಾರಣ ನೀರು. ಬ್ರೇಕ್ ಆಯಿಲ್ ತೇವವನ್ನು ಹೀರುವ ಗುಣವುಳ್ಳದ್ದು. ನಮ್ಮ ಮಳೆಗಾಲವಂತೂ ಎಲ್ಲರಿಗೂ ತಿಳಿದದ್ದೇ. ಡಾಟ್-3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 140. ಡಾಟ್-4ರಲ್ಲಿ ಈ ಅಂಕಿಗಳು 230 ಮತ್ತು 155. ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿದರೆ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ಒಮ್ಮೆಲೇ ಮೆತ್ತಗಾಗುತ್ತದೆ. ಗಾಡಿ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತೆಂದು ಸುಮ್ಮನಿರಬಾರದು, ಆಯಿಲ್ ಬದಲಿಸಲೇಬೇಕು.

ದೋಷ ಎಲ್ಲಿದೆಯೆಂದು ಮನೆಯಂಗಳದಲ್ಲೇ ಒಂದಿಷ್ಟು ತಿಳಿಯಬಹುದು. ಎಂಜಿನ್ ನಿಲ್ಲಿಸಿ ನಾಲ್ಕಾರು ಸಲ ಪೆಡಲ್ ಒತ್ತಿ, ಬಳಿಕ ಒತ್ತಿಯೇ ಹಿಡಿಯಿರಿ.

1. ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ. ಹೊರಗೆ ತೇವ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುವ ಸಂಭವ ಹೆಚ್ಚು.
2. ಮೊದಲ ಒತ್ತಿಗೆ ತೀರಾ ಕೆಳಗೆ ಹೋಗಿ, ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನ ಲೈನಿಂಗ್ ಹೊಂದಿಸಬೇಕಾಗಿದೆ.
3. ಸದಾ ಸ್ಪಂಜಿನಂತಿದ್ದರೆ ಗಾಳಿ ಸೇರಿದೆ, ಇಲ್ಲವೇ ಹಳೆಯ ರಬ್ಬರ್ ಹೋಸ್ ಉಬ್ಬುತ್ತಿದೆ.

ಗಾಳಿ ತೆಗೆಯುವ ಕ್ರಮ ಹಳೆಯ ಜೀಪು ಇಟ್ಟುಕೊಂಡವರಿಗೆ ಗೊತ್ತೇ ಇದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಬೇಕು. ಪೆಡಲ್ ಬಿಡುವ ಮುನ್ನ ನಿಪ್ಪಲ್ ಮುಚ್ಚಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮಾಡಬೇಕು. ಈ ನಡುವೆ ಆಯಿಲ್ ಡಬ್ಬಿ ಬರಿದಾಗಲು ಬಿಡಲೇಬಾರದು. ಯಾವ ಚಕ್ರ ಮೊದಲು ಎಂಬುದನ್ನು ವಾಹನದ ಕೈಪಿಡಿ ನೋಡಿಯೇ ನಿರ್ಧರಿಸತಕ್ಕದ್ದು.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ಈ ವ್ಯವಸ್ಥೆಯಲ್ಲಿ ಮಾಸ್ಟರ್ ಸಿಲಿಂಡರಿಗೂ ಚಕ್ರಗಳಿಗೂ ನಡುವೆ ಸಣ್ಣ ವಾಲ್ವುಗಳೂ ಒಂದು ಪಂಪೂ ಉಳ್ಳ ಪೆಟ್ಟಿಗೆ ಇರುತ್ತದೆ. ಆಯಿಲ್ ಪೂರ್ತಿ ಬರಿದಾಗಿದ್ದರೆ, ಅಥವಾ ಆ ಪೆಟ್ಟಿಗೆಯ ಪೈಪು ಬಿಚ್ಚಿದ್ದರೆ, ಗಾಳಿ ಅದರೊಳಗೆ ಸೇರಿಬಿಡುತ್ತದೆ. ಮುಚ್ಚಿದ ವಾಲ್ವಿನ ಹಿಂದಿರುವ ಗಾಳಿ ಎಷ್ಟು ಪೆಡಲ್ ತುಳಿದರೂ ಹೊರಬರುವುದಿಲ್ಲ. ಸ್ಕ್ಯಾನರ್ ಜೋಡಿಸಿ, ಪಂಪನ್ನೂ ವಾಲ್ವುಗಳನ್ನೂ ಓಡಿಸಿ, ಅನಂತರ ನಾಲ್ಕೂ ಚಕ್ರಗಳಲ್ಲಿ ಮತ್ತೆ ಗಾಳಿ ತೆಗೆಯಬೇಕು. ಆದ್ದರಿಂದ ಗ್ಯಾರೇಜಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಎ.ಬಿ.ಎಸ್. ಬ್ಲೀಡ್ ಮಾಡುವ ಸ್ಕ್ಯಾನರ್ ನಿಮ್ಮಲ್ಲಿದೆಯೇ?" ಇಲ್ಲವೆಂದರೆ, ಒಳ್ಳೆಯ ಮಾಸ್ಟರ್ ಸಿಲಿಂಡರನ್ನೇ ಬದಲಿಸಿ ಹಣ ಕಳೆಯುವ ಬದಲು ಸ್ಕ್ಯಾನರ್ ಇರುವಲ್ಲಿಗೆ ವಾಹನವನ್ನು ಎಳೆಸಿಕೊಂಡು ಹೋಗುವುದು ಮೇಲು.

ಕೆಲವು ಎಚ್ಚರಿಕೆಗಳು. ಶೆಡ್ಡಿನಲ್ಲಿರುವ ಎಂಜಿನ್ ಆಯಿಲನ್ನೋ ಸ್ಪ್ರೇಯರ್ ಆಯಿಲನ್ನೋ ಬ್ರೇಕಿಗೆ ಒಂದು ಹನಿಯೂ ಹಾಕಬಾರದು. ಒಳಗಿನ ರಬ್ಬರೆಲ್ಲ ಊದಿ ಕೆಡುತ್ತದೆ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ಬ್ರೇಕ್ ಆಯಿಲ್ ಕೂಡ ಬೇಡ. ಕೈಪಿಡಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯ ರೂಢಿ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಗಡಗಡ ನಡುಗಿದರೆ ಗಾಬರಿಯಾಗಬೇಡಿ, ಅದು ಎ.ಬಿ.ಎಸ್. ಕೆಲಸ ಮಾಡುವ ಲಕ್ಷಣ. ಆಗ ಕಾಲನ್ನು ಎತ್ತಿ ಎತ್ತಿ ತುಳಿಯದೆ ಒತ್ತಿಯೇ ಹಿಡಿಯಬೇಕು. ಹಳೆಯ ಜೀಪಿನ ಅಭ್ಯಾಸ ಇಲ್ಲಿ ಸಲ್ಲದು. ಪೆಡಲ್ ತಳಕ್ಕೇ ಹೋಗಿ ಬ್ರೇಕು ಹಿಡಿಯದಿದ್ದಾಗ ಮಾತ್ರ ಬೇಗ ಬೇಗ ತುಳಿಯುತ್ತಾ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಬೇಕು.

ಘಾಟಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಡಲ್ ಮೆತ್ತಗಿರುವ ವಾಹನವನ್ನು, ಚೀಲ ಎಷ್ಟೇ ತುರ್ತಾಗಿ ಹೋಗಬೇಕಿದ್ದರೂ, ರಸ್ತೆಗೆ ಇಳಿಸಬೇಡಿರೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಕಾಫಿ ಒಂದು ದಿನ ಕಾದೀತು.