ಫೋನ್ ನಂಬರ್ ಸಂಖ್ಯೆಯಲ್ಲ

2013ರ ಏಪ್ರಿಲ್. ಶಿರಸಿ ಸೀಮೆಯ ನಮ್ಮೂರಿನ ಮಹಿಳಾ ಸಂಘದ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ನಾನೇ ವೆಬ್‌ಸೈಟ್ ಮಾಡಿಕೊಟ್ಟು ನಾಲ್ಕು ದಿನವಾಗಿತ್ತು. ಆರ್ಡರ್ ಪಟ್ಟಿ ಹಿಡಿದು ಪಾರ್ಸೆಲ್ ಕಟ್ಟುತ್ತಿದ್ದ ದೊಡ್ಡಮ್ಮ ಜಗಲಿಯಿಂದ ಕರೆದಳು: “ಕೂಸೇ, ಎಲ್ಲರ ಫೋನ್ ನಂಬರೂ ಒಂದೇ ಇದ್ದಲೇ! ಎಂತಾ ಆತೇ?”

ಹೋಗಿ ನೋಡಿದೆ. ಬೆಂಗಳೂರು, ಹುಬ್ಬಳ್ಳಿ, ಪುಣೆ ಎಂದು ಊರು ಬೇರೆ ಬೇರೆ. ಮೂವತ್ತೆಂಟು ಹೆಸರುಗಳ ಮುಂದೆಯೂ ಇದ್ದದ್ದು ಮಾತ್ರ ಒಂದೇ ನಂಬರ್: 2147483647.

ವೆಬ್‌ಸೈಟಿನಲ್ಲಿ ನಾವು ತುಂಬುವುದೆಲ್ಲ ಹಿಂದೆ ಡೇಟಾಬೇಸಿನ ಟೇಬಲ್‌ಗಳಲ್ಲಿ ಕೂರುತ್ತದೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಅಲ್ಲೂ ಕಾಲಂಗಳಿವೆ. ಪುಸ್ತಕದ ಕಾಲಂನಲ್ಲಿ ಏನನ್ನಾದರೂ ಗೀಚಬಹುದು. ಡೇಟಾಬೇಸಿನಲ್ಲಿ ಹಾಗಲ್ಲ. ಈ ಕಾಲಂನಲ್ಲಿ ಬರುವುದು ಸಂಖ್ಯೆಯೋ, ಅಕ್ಷರವೋ, ತಾರೀಖೋ ಎಂದು ಮೊದಲೇ ಹೇಳಿಡಬೇಕು. ಇದೇ ಡೇಟಾ ಟೈಪ್. ನಾನು ಫೋನ್ ನಂಬರಿಗೆ ‘ಇಂಟ್’, ಅಂದರೆ ಪೂರ್ಣಾಂಕ, ಎಂದು ಬರೆದಿದ್ದೆ.

ಇಂಟ್‌ಗೆ ಸಿಗುವುದು ನಾಲ್ಕು ಬೈಟ್, ಅಂದರೆ 32 ಬಿಟ್ ಜಾಗ. ಅದರಲ್ಲಿ ಒಂದು ಬಿಟ್ ಧನ–ಋಣ ಚಿಹ್ನೆಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ 6, 7, 8, 9ರಿಂದ. ಸಂಖ್ಯೆಯೆಂದು ಓದಿದರೆ ಎಲ್ಲವೂ ಆರುನೂರು ಕೋಟಿಯ ಆಚೆ. ಆಗ ನಮ್ಮಲ್ಲಿದ್ದ ‘ಮೈಎಸ್‌ಕ್ಯುಎಲ್’ ಎಂಬ ಡೇಟಾಬೇಸಿನ ಆವೃತ್ತಿ ಗಡಿ ದಾಟಿದ ಪ್ರತಿ ನಂಬರನ್ನೂ ಆ ಗಡಿಗೇ ಎಳೆದು ಬರೆದುಕೊಂಡಿತ್ತು. 2014ರಲ್ಲಿ ಯೂಟ್ಯೂಬಿನ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಮುಟ್ಟಿದ್ದೂ ಇದೇ ಗಡಿಯನ್ನು. ಅದಕ್ಕಾಗಿಯೇ ಅಲ್ಲಿ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದರು.

ನಮಗೆ ಹಿಗ್ಗಿಸಿದರೂ ಸಾಲುತ್ತಿರಲಿಲ್ಲ. ಶಿರಸಿಯ ಸ್ಥಿರ ದೂರವಾಣಿ ನಂಬರ್ 08384ರಿಂದ ಶುರು. ಸಂಖ್ಯೆಯಾಗಿ ಇಟ್ಟರೆ ಮೊದಲ ಸೊನ್ನೆಗೆ ಬೆಲೆಯಿಲ್ಲ, ಅದು ಬಿದ್ದುಹೋಗುತ್ತದೆ. ಅಂದು ನನಗೆ ತಿಳಿದ ಪಾಠ ಸರಳ: ಎರಡನ್ನು ಕೂಡಿಸಿದರೆ ಅರ್ಥ ಬರುತ್ತದೆಯೇ? ಬಂದರೆ ಸಂಖ್ಯೆ. ಇಬ್ಬರ ಫೋನ್ ನಂಬರ್ ಕೂಡಿಸಿ ಯಾರಿಗೂ ಏನೂ ಆಗಬೇಕಿಲ್ಲ. ಪಿನ್‌ಕೋಡ್, ಆಧಾರ್ ಕೂಡ ಹಾಗೆಯೇ. ಅಂಕಿಯಲ್ಲಿ ಬರೆದರೂ ಅವು ಗುರುತುಗಳು, ಅಕ್ಷರದ ಕಾಲಂನಲ್ಲಿ ಇರಬೇಕಾದವು.

ಅಕ್ಷರದ ಕಾಲಂಗೂ ಅಳತೆ ಬೇಕು. ಹೆಸರಿಗೆ ಇಪ್ಪತ್ತು ಸಾಕು ಎಂದುಕೊಂಡಿದ್ದೆ. ‘ಲಕ್ಷ್ಮೀನಾರಾಯಣ’ ಎನ್ನುವುದರಲ್ಲಿ ನಮ್ಮ ಕಣ್ಣಿಗೆ ಆರು ಅಕ್ಷರ. ಕಂಪ್ಯೂಟರಿಗೆ ಒತ್ತು, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ. ‘ಕ್ಷ್ಮೀ’ ಒಂದೇ ಆರಾಗುತ್ತದೆ, ಇಡೀ ಹೆಸರು ಹದಿಮೂರು. ಮೊದಲಿಗೆ ಶ್ರೀ, ಕೊನೆಗೆ ಮನೆತನ ಸೇರಿದರೆ ಇಪ್ಪತ್ತು ಮೀರಿ ಹೆಸರಿನ ಬಾಲ ತುಂಡಾಗುತ್ತದೆ. ‘ವಾರ್‌ಕ್ಯಾರ್’ ಎಂಬ ಟೈಪ್ ಬಳಸಿದಷ್ಟೇ ಜಾಗ ಹಿಡಿಯುವುದರಿಂದ ಈಗ ಹೆಸರಿಗೆ ನೂರು ಕೊಡುತ್ತೇನೆ. ಜನರ ಹೆಸರು ಕತ್ತರಿಸುವ ಹಕ್ಕು ನಮಗಿಲ್ಲ.

ಹಣಕ್ಕೆ ‘ಫ್ಲೋಟ್’ ಎಂಬ ಟೈಪ್ ಬೇಡ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ 0.333 ಎಂದು ಬರೆಯುತ್ತ ಹೋದರೂ ಮುಗಿಯದಲ್ಲ, ಹಾಗೆಯೇ ಹತ್ತು ಪೈಸೆ, ಅಂದರೆ 0.10, ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ ಮುಗಿಯುವುದಿಲ್ಲ. ಫ್ಲೋಟ್ ಅದರ ಹತ್ತಿರದ ಬೆಲೆಯನ್ನು ಇಟ್ಟುಕೊಳ್ಳುತ್ತದೆ, ಕೂಡಿಸುತ್ತ ಹೋದಂತೆ ಲೆಕ್ಕ ಜಾರುತ್ತದೆ. ‘ಡೆಸಿಮಲ್’ನಲ್ಲಿ ಒಟ್ಟು ಹತ್ತು ಅಂಕಿ, ಬಿಂದುವಿನ ನಂತರ ಎರಡು ಎಂದರೆ ಪೈಸೆಗೆ ಪೈಸೆ ಕೂಡುತ್ತದೆ. ಸಂಘದ ಹಣ ಇಪ್ಪತ್ತು ಹೆಂಗಸರ ದುಡಿಮೆ, ಅಲ್ಲಿ ಅಂದಾಜು ನಡೆಯದು.

ತಾರೀಖನ್ನು ಅಕ್ಷರವಾಗಿ ಇಡಬಾರದು. ಹಾಗೆ ಇಟ್ಟರೆ ಕಂಪ್ಯೂಟರ್ ಮೊದಲ ಅಂಕಿ ನೋಡಿ ಜೋಡಿಸುತ್ತದೆ. 15-4-2013 ಮೇಲೆ ಕೂತು 2-3-2013 ಕೆಳಗೆ ಇಳಿಯುತ್ತದೆ. ಮಾರ್ಚಿನಲ್ಲಿ ಹಾಕಿದ ಮಿಡಿ ಮೊದಲು ಖರ್ಚಾಗಬೇಕಾದರೆ ಆ ಕಾಲಂ ‘ಡೇಟ್’ ಆಗಿರಬೇಕು.

ಟೈಪನ್ನು ಆಮೇಲೂ ಬದಲಿಸಬಹುದು. ನಾನು ಅಂದೇ ಬದಲಿಸಿದೆ. ಆದರೆ ಕಳೆದುಹೋದ ಅಂಕಿಗಳು ಮರಳಲಿಲ್ಲ. ಮೂವತ್ತೆಂಟು ಜನರಿಗೆ ದೊಡ್ಡಮ್ಮನೂ ನಾನೂ ಅಂಚೆ ಕಾರ್ಡ್ ಬರೆದು ನಂಬರ್ ಕೇಳಿದೆವು.

“ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟ ಹಾಂಗೆ ಆತು,” ಎಂದಳು ದೊಡ್ಡಮ್ಮ, ಕಾರ್ಡಿಗೆ ವಿಳಾಸ ಬರೆಯುತ್ತ. ಪಾತ್ರೆ ಬದಲಿಸಬಹುದು, ಕೆಟ್ಟ ಹುಳಿ ಸರಿಹೋಗದು.

ಈಗ ಹೊಸ ಕಾಲಂ ಸೇರಿಸುವ ಮೊದಲು ಪಾರ್ಸೆಲ್ ಕಟ್ಟುವವರನ್ನು ಕೇಳುತ್ತೇನೆ. ಮೊನ್ನೆ ವಿಳಾಸದಲ್ಲಿ ಮನೆ ನಂಬರಿಗೆ ಬೇರೆ ಕಾಲಂ ಬೇಕಾಯಿತು. “ಮನೆ ನಂಬರ್ ಅಂದ್ರೆ ಬರೀ ಅಂಕಿಯೇ ಅಲ್ದನೇ?” ಎಂದೆ. ದೊಡ್ಡಮ್ಮ ಕಟ್ಟಿಟ್ಟ ಪಾರ್ಸೆಲ್ ತಿರುಗಿಸಿ ತೋರಿಸಿದಳು: 41/ಬಿ.